ಗೊಂಬೆಯ ಋಣ: ‘ಇನೊಸೆನ್ಸ್’ ಚಿತ್ರದಲ್ಲಿ ಆಚರಣೆಯ ಆಶಯ

ಮಮೊರು ಒಶಿಯಿ ನಿರ್ದೇಶಿಸಿದ ಜಪಾನಿನ ಅನಿಮೇಷನ್ ಚಿತ್ರ ‘ಘೋಸ್ಟ್ ಇನ್ ದ ಶೆಲ್ 2: ಇನೊಸೆನ್ಸ್’ (2004) ಅನ್ನು ಸಾಮಾನ್ಯವಾಗಿ ‘ಯಂತ್ರಕ್ಕೆ ಆತ್ಮವಿದೆಯೇ’ ಎಂಬ ತಾತ್ತ್ವಿಕ ಪ್ರಶ್ನೆಯ ನೆಲೆಯಲ್ಲಿ ವಿವೇಚಿಸಲಾಗುತ್ತದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಅದರ ಮೂಲ ಪ್ರಶ್ನೆ ಬೇರೆಯದು: ತನ್ನ ರೂಪದಲ್ಲಿ ನಿರ್ಮಿಸಿಕೊಂಡ ಗೊಂಬೆಗೆ ಮನುಷ್ಯನು ಋಣಿಯೇ?

ಕಥೆ 2032ರಲ್ಲಿ ನಡೆಯುತ್ತದೆ. ಅದರ ಚೌಕಟ್ಟು ಪತ್ತೇದಾರಿ ಕಥನದ್ದು. ಲೋಕಸ್ ಸೋಲಸ್ ಎಂಬ ಕಂಪನಿ ತಯಾರಿಸಿದ ಸ್ತ್ರೀರೂಪಿ ಯಂತ್ರಗೊಂಬೆಗಳು ತಮ್ಮ ಒಡೆಯರನ್ನೇ ಕೊಲ್ಲುತ್ತವೆ. ಬಹುಪಾಲು ಯಂತ್ರದೇಹಿಯಾದ ಬಾತೋ ಮತ್ತು ಬಹುಪಾಲು ಮನುಷ್ಯನಾಗಿಯೇ ಉಳಿದ ತೊಗುಸಾ ತನಿಖೆಗೆ ತೊಡಗುತ್ತಾರೆ. ಅಪಹೃತ ಬಾಲಕಿಯರ ಚೇತನವನ್ನು ನಕಲು ಮಾಡಿ ಗೊಂಬೆಗಳಲ್ಲಿ ತುಂಬಲಾಗಿತ್ತೆಂಬ ಸಂಗತಿ ಕೊನೆಗೆ ಬಯಲಾಗುತ್ತದೆ.

ಈ ಕಥನದ ಹಿಂದೆ ಜಪಾನಿನ ದೀರ್ಘವಾದ ಗೊಂಬೆ ಪರಂಪರೆಯಿದೆ. ಚಹಾ ಬಟ್ಟಲನ್ನು ಹೊತ್ತು ಅತಿಥಿಯತ್ತ ನಡೆಯುವ ಕರಕುರಿ ಗೊಂಬೆಯ ಯಂತ್ರರಚನೆಯನ್ನು 1796ರಷ್ಟು ಹಿಂದೆಯೇ ‘ಕರಕುರಿ ಝುಯಿ’ ಗ್ರಂಥ ಸಚಿತ್ರವಾಗಿ ವಿವರಿಸಿದೆ. ಹಳೆಯ ಗೊಂಬೆಗಳನ್ನು ಎಸೆಯದೆ ದೇವಾಲಯಕ್ಕೆ ಒಪ್ಪಿಸಿ, ಕೃತಜ್ಞತಾಪೂರ್ವಕವಾಗಿ ಬೀಳ್ಕೊಡುವ ‘ನಿಂಗ್ಯೊ ಕುಯೊ’ ಆಚರಣೆ ಇಂದಿಗೂ ಜೀವಂತವಾಗಿದೆ. ಅನೇಕ ಕಡೆ ಗೊಂಬೆಗಳನ್ನು ಅಗ್ನಿಗೆ ಅರ್ಪಿಸಲಾಗುತ್ತದೆ. ಚಿತ್ರದ ಮಧ್ಯಭಾಗದ ಉತ್ಸವದ ಮೆರವಣಿಗೆಯಲ್ಲಿ ಉರಿಯುವ ಗೊಂಬೆಗಳು ಈ ಆಚರಣೆಯನ್ನೇ ನೆನಪಿಸುತ್ತವೆ. ಕೆಂಜಿ ಕವಾಯಿ ಅವರ ಸಂಗೀತದಲ್ಲಿ ಜನಪದ ಗಾಯಕಿಯರ ಮೇಳ ಕೇಳಿಬರುವುದೂ ಗಮನಾರ್ಹ. ಆದ್ದರಿಂದ ಇಲ್ಲಿನ ಆಂಡ್ರಾಯ್ಡ್ ಕೇವಲ ಭವಿಷ್ಯದ ಕಲ್ಪನೆಯಲ್ಲ, ಪೂಜಾರ್ಹ ಗೊಂಬೆಯ ಮುಂದುವರಿಕೆಯೂ ಹೌದು.

ಆದರೆ ಈ ಆಶಯದ ನಿರ್ವಹಣೆಯಲ್ಲಿ ಚಿತ್ರ ಒಂದೆಡೆ ಎಡವುತ್ತದೆ. ಬಾಲಕಿಯರು ಹೊರಜಗತ್ತಿನ ಗಮನ ಸೆಳೆಯಲೆಂದೇ ಗೊಂಬೆಗಳು ಕೊಲೆಗೆ ತೊಡಗುವಂತೆ ಮಾಡಲಾಗಿತ್ತು. ಪಾರಾದ ಬಾಲಕಿಯನ್ನು ಬಾತೋ ಗದರುತ್ತಾನೆ: ಸತ್ತ ಮನುಷ್ಯರಷ್ಟೇ ಅಲ್ಲ, ಬಲವಂತದ ಚೇತನ ಹೊತ್ತ ಗೊಂಬೆಗಳೂ ಬಲಿಪಶುಗಳಲ್ಲವೇ ಎಂಬುದು ಅವನ ಆಕ್ಷೇಪ. ತಾನು ಗೊಂಬೆಯಾಗಲು ಬಯಸಿರಲಿಲ್ಲವೆಂದು ಅವಳು ಅಳುತ್ತಾಳೆ. ಆಚರಣೆಯಲ್ಲಿ ಗೊಂಬೆಯ ಬಗೆಗಿನ ಮರುಕ ಅದನ್ನು ಬಳಸಿ ಸುಖಿಸಿದವರ ಕೃತಜ್ಞತೆಯಿಂದ ಹುಟ್ಟುತ್ತದೆ. ಇಲ್ಲಿ ಅದೇ ಮರುಕ ಬಂಧಿತ ಮಗುವಿನ ಮೇಲಿನ ಆರೋಪವಾಗಿ ಮಾರ್ಪಡುತ್ತದೆ. ಋಣ ತೀರಿಸಬೇಕಾದವರು ಗೊಂಬೆಗಳನ್ನು ತಯಾರಿಸಿದವರು ಮತ್ತು ಕೊಂಡವರು, ಮಾರಾಟದ ಸರಕಾದವಳಲ್ಲ.

ಅಂತಿಮ ದೃಶ್ಯದಲ್ಲಿ ತೊಗುಸಾ ತಂದುಕೊಟ್ಟ ಗೊಂಬೆಯನ್ನು ಅವನ ಮಗಳು ಅಪ್ಪಿಕೊಳ್ಳುತ್ತಾಳೆ; ಬಾತೋ ಮೌನವಾಗಿ ನೋಡುತ್ತಾನೆ. ಮಗು–ಗೊಂಬೆಗಳ ಸಹಜ ಸಂಬಂಧ ಇಲ್ಲಿ ಮರಳಿದರೂ, ಗದರಿಸಿಕೊಂಡ ಬಾಲಕಿಗೆ ಸಲ್ಲಬೇಕಾದ ನ್ಯಾಯ ಚಿತ್ರದಲ್ಲಿ ಬಾಕಿಯೇ ಉಳಿಯುತ್ತದೆ.