ವಾಯುಭೂತಿಯ ವಿದ್ಯೆ

ಕನ್ನಡದ ಪ್ರಾಚೀನ ಗದ್ಯಗ್ರಂಥವಾದ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ಘೋರ ಉಪಸರ್ಗವನ್ನು ಸಹಿಸಿದ ಆ ಮಹಾಮುನಿಯ ಸಮಾಧಿಮರಣವೇ ಕಥೆಯ ಗುರಿಯಾದುದರಿಂದ, ಅದರ ಪೂರ್ವಭಾಗವನ್ನು ಭವಾವಳಿಯ ಪೀಠಿಕೆಯೆಂದಷ್ಟೇ ಓದುವುದು ರೂಢಿ. ವಸ್ತುತಃ ಆ ಭಾಗವು ವಿದ್ಯಾರ್ಜನೆಗೆ ಬೇಕಾದ ಮನೋಧರ್ಮದ ಸೂಕ್ಷ್ಮ ವಿಚಾರಣೆಯಾಗಿದೆ.

ಕೌಶಾಂಬಿಯ ಪುರೋಹಿತನ ಮಕ್ಕಳಾದ ಅಗ್ನಿಭೂತಿ, ವಾಯುಭೂತಿಯರು ಓದದೆ ಬೆಳೆದು, ತಂದೆಯ ಮರಣಾನಂತರ ಪದವಿಯನ್ನು ಕಳೆದುಕೊಳ್ಳುತ್ತಾರೆ. ವಿದ್ಯೆಯನ್ನು ಅರಸಿ ರಾಜಗೃಹದಲ್ಲಿರುವ ಸೋದರಮಾವ ಸೂರ್ಯಮಿತ್ರನ ಬಳಿಗೆ ಹೋಗುತ್ತಾರೆ. ಮಾವನ ಮನೆಯೆಂಬ ಸಲುಗೆಯಲ್ಲಿ ಇವರು ಮತ್ತೆ ಕೆಟ್ಟಾರೆಂದು ಬಗೆದ ಆತನು ಬಾಂಧವ್ಯವನ್ನು ಮರೆಸಿ, ಭಿಕ್ಷೆ ಬೇಡಿ ಉಂಡು ಕಲಿಯುವುದಾದರೆ ಕಲಿಸುವೆನೆನ್ನುತ್ತಾನೆ. ವಿದ್ಯೆ ಮುಗಿದ ಮೇಲೆ ನಿಜವನ್ನು ತಿಳಿಸುತ್ತಾನೆ. ಅಣ್ಣನು ಅದನ್ನು ಉಪಕಾರವೆಂದು ತಿಳಿದರೆ, ತಮ್ಮನು ಅವಮಾನವೆಂದು ಮುನಿಯುತ್ತಾನೆ. ಗುರು ಒಬ್ಬನೇ, ಪಾಠ ಒಂದೇ, ಭಿಕ್ಷಾನ್ನವೂ ಒಂದೇ. ಭೇದವಿರುವುದು ಪಡೆದವರ ಮನಸ್ಸಿನಲ್ಲಿ. ವಾಯುಭೂತಿಯು ಲಾಭವನ್ನು ಜಮೆ ಹಿಡಿಯದೆ ನೋವನ್ನು ಮಾತ್ರ ಲೆಕ್ಕಕ್ಕೆ ಬರೆದುಕೊಂಡನು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಸೂರ್ಯಮಿತ್ರನ ಮರೆಮಾಚಿಕೆ ಯುಕ್ತವೆ? ಬಂಧುವಿನ ಊರಿನಲ್ಲಿಯೇ ಪರರ ಬಾಗಿಲಲ್ಲಿ ನಿಂತ ಹುಡುಗನ ನೋವು ಸುಳ್ಳಲ್ಲ. ಕಥೆಯು ಆ ನೋವಿಗೆ ಸಾಕಷ್ಟು ಕಿವಿಗೊಡದೆ ಅದರ ದುಷ್ಫಲದತ್ತ ಧಾವಿಸುವುದು ಅದರ ಒಂದು ಕೊರತೆಯೆಂದೇ ಹೇಳಬೇಕು. ಆದರೂ ಆತನು ಮರೆಸಿದ್ದು ಬಾಂಧವ್ಯವನ್ನೇ ಹೊರತು ವಿದ್ಯೆಯನ್ನಲ್ಲ. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯವು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳೆಂದು ಹೇಳುವ ಪ್ರದೋಷ, ಆಸಾದನಗಳು ತಮ್ಮನ ನಡತೆಯಲ್ಲಿಯೇ ಕಾಣುತ್ತವೆ. ಮುಂದೆ ಮುನಿಯಾಗಿ ಬಂದ ಗುರುವನ್ನು ಅಣ್ಣನು ಪೂಜಿಸಿದರೆ ಅವನು ನಿಂದಿಸುತ್ತಾನೆ.

ಕಲಿಸಿದ ಸೂರ್ಯಮಿತ್ರನನ್ನೂ ಕಥೆಗಾರನು ಕಲಿಯಲು ಕೂರಿಸಿರುವುದು ಗಮನಾರ್ಹ. ಕಳೆದುಹೋದ ಉಂಗುರವಿದ್ದ ಸ್ಥಳವನ್ನು ಸುಧರ್ಮಾಚಾರ್ಯರು ತಿಳಿಸಿದಾಗ, ಆ ವಿದ್ಯೆಯ ಆಸೆಯಿಂದಲೇ ಆತನು ದೀಕ್ಷೆ ಪಡೆಯುತ್ತಾನೆ. ಆಗಮಗಳನ್ನು ಓದುತ್ತ ಹೋದಂತೆ ಆಸೆ ಕರಗಿ ಶ್ರದ್ಧೆ ಮೂಡುತ್ತದೆ. ಸ್ವಾರ್ಥದಿಂದ ಆರಂಭಿಸಿದವನೂ, ವಿದ್ಯೆಯು ತನ್ನನ್ನು ತಿದ್ದಲು ಒಪ್ಪಿದರೆ, ಬೆಳೆಯಬಲ್ಲನು.

ವಾಯುಭೂತಿಯ ಕಥೆ ಹಲವು ನೀಚಜನ್ಮಗಳನ್ನು ದಾಟಿ ನಾಗಶ್ರೀ ಎಂಬ ಬಾಲಿಕೆಯಲ್ಲಿ ಹೊಸ ತಿರುವು ಪಡೆಯುತ್ತದೆ. ಅದೇ ಸೂರ್ಯಮಿತ್ರ ಮುನಿಗಳ ಮಾತಿನಂತೆ ಆಕೆ ಹಿಂದಿನ ಭವದಲ್ಲಿ ಕಲಿತುದನ್ನು ಸಭೆಯಲ್ಲಿ ಒಪ್ಪಿಸುತ್ತಾಳೆ. ಅಂದರೆ ಕಲಿತದ್ದು ಅಳಿದಿರಲಿಲ್ಲ. ವಿನಯವಿಲ್ಲದೆ ಅಷ್ಟು ಕಾಲ ನಿಷ್ಫಲವಾಗಿತ್ತು. ಅಂತರಂಗ ತಪಸ್ಸುಗಳ ಗಣನೆಯಲ್ಲಿ ಸ್ವಾಧ್ಯಾಯಕ್ಕಿಂತ ಮೊದಲು ವಿನಯವನ್ನು ಹೇಳಿರುವುದರ ಔಚಿತ್ಯ ಇದರಿಂದ ಮನದಟ್ಟಾಗುತ್ತದೆ.

ಪಾಠಶಾಲೆಗಳನ್ನು ನಡೆಸುವ ಬಸದಿಗಳ ಆಡಳಿತ ಮಂಡಳಿಗಳೂ ಮಕ್ಕಳನ್ನು ಓದಿಸುವ ತಂದೆತಾಯಿಗಳೂ ಈ ಭಾಗವನ್ನು ಪುನಃ ಓದುವುದು ಉಚಿತ. ಅತಿಸಲುಗೆ ವಿದ್ಯೆಗೆ ವಿಘ್ನವೆಂಬುದು ನಿಜ. ಕಾಠಿಣ್ಯದ ಹಿಂದಿರುವ ವಾತ್ಸಲ್ಯವನ್ನು ಸಕಾಲದಲ್ಲಿ ತಿಳಿಸದಿದ್ದರೆ ಮನೆಯಲ್ಲೊಬ್ಬ ವಾಯುಭೂತಿ ಬೆಳೆಯಬಹುದೆಂಬುದೂ ಅಷ್ಟೇ ನಿಜ.