ಶೋರೂಮಿನ ಬಣ್ಣ

ಟಿವಿ ಅಂಗಡಿಯ ಗೋಡೆಯುದ್ದಕ್ಕೂ ಉರಿಯುವ ಪರದೆಗಳಲ್ಲಿ ಕಾಣುವುದು ಹೆಚ್ಚುಕಡಿಮೆ ಅವೇ ದೃಶ್ಯಗಳು. ಬಿಡಿಸಿದ ದಾಳಿಂಬೆ, ಗಿಳಿಯ ರೆಕ್ಕೆ, ದೀಪ ಹೊತ್ತಿಸಿಕೊಂಡ ಯಾವುದೋ ಮಹಾನಗರ, ಹವಳದ ನಡುವೆ ಈಜುವ ಮೀನು. ಮನುಷ್ಯನ ಮುಖ ಅಪರೂಪ. ಇದರಲ್ಲಿ ವ್ಯಾಪಾರಿಯ ಜಾಣತನವಿದೆ. ದಾಳಿಂಬೆ ಎಷ್ಟು ಕೆಂಪಾದರೂ ಯಾರೂ ತಕರಾರು ಮಾಡುವುದಿಲ್ಲ. ಮುಖದ ಬಣ್ಣ ಒಂದು ಚೂರು ತಪ್ಪಿದರೂ ಚಿಕ್ಕ ಮಗುವಿಗೂ ತಿಳಿಯುತ್ತದೆ. ನಾವು ಮನೆಯಲ್ಲಿ ನೋಡುವುದೇನೋ ಬಹುಪಾಲು ಮುಖಗಳನ್ನೇ.

ಐವತ್ತೈದು ಇಂಚಿನ ಇವತ್ತಿನ ಟಿವಿ ಯಂತ್ರವಾಗಿ ಬಹಳ ಒಳ್ಳೆಯದು. ಅದು ಪೆಟ್ಟಿಗೆಯಿಂದ ಹೊರಬರುವ ಸ್ಥಿತಿಯ ಬಗ್ಗೆ ನನಗೆ ಈ ಮಾತು ಹೇಳಲಾಗುವುದಿಲ್ಲ. ಕಂಪನಿ ಅದನ್ನು ಸಿದ್ಧಮಾಡಿರುವುದು ಟ್ಯೂಬ್‌ಲೈಟುಗಳ ಝಗಮಗದಲ್ಲಿ, ಪಕ್ಕದ ಟಿವಿಗಿಂತ ಎದ್ದು ಕಾಣಲಿ ಎಂದು. ನಮ್ಮ ಹಾಲಿನಲ್ಲಿ ಅದಕ್ಕೆ ಪೈಪೋಟಿಗೆ ಯಾರೂ ಇಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅದು ಹಾಳಾಗುವವರೆಗೂ 'ವಿವಿಡ್' ಮೋಡ್‌ನಲ್ಲೇ ಉರಿಯುತ್ತಿರುತ್ತದೆ. ಇಂಥ ಟಿವಿಯನ್ನು ಸರಿಮಾಡುವ ಕೆಲಸದಲ್ಲಿ ಮುಕ್ಕಾಲುಪಾಲು, ಅದು ತಾನಾಗಿ ಮಾಡುವ ಉಪಕಾರಗಳನ್ನು ಒಂದೊಂದಾಗಿ ನಿಲ್ಲಿಸುವುದೇ ಆಗಿದೆ.

ಇದನ್ನು ಪರೀಕ್ಷಿಸಲು ಹೊಸ ಸಿನಿಮಾ ಬೇಕಿಲ್ಲ, ಹಳೆಯ ಕಪ್ಪು-ಬಿಳುಪು ಸಾಕು. ಪಟ್ಟಾಭಿರಾಮ ರೆಡ್ಡಿಯವರ 1970ರ 'ಸಂಸ್ಕಾರ'ವನ್ನು ವಿವಿಡ್‌ನಲ್ಲಿ ಹಾಕಿ ನೋಡಿ. ಆಸ್ಟ್ರೇಲಿಯಾದ ಟಾಮ್ ಕೋವನ್ ಹಿಡಿದ ಆ ಅಗ್ರಹಾರದ ಬಿಸಿಲು, ಕಲ್ಲು, ಒದ್ದೆ ಪಂಚೆ ಎಲ್ಲಕ್ಕೂ ತಿಳಿನೀಲಿ ಹತ್ತಿಕೊಂಡಿರುತ್ತದೆ. ಚಿತ್ರ ತಯಾರಿಸುವವರು ಬಿಳಿಯ ಅಳತೆಯನ್ನು ಸುಮಾರು 6500 ಕೆಲ್ವಿನ್‌ಗೆ ನಿಲ್ಲಿಸಿಕೊಂಡಿರುತ್ತಾರೆ. ಅಂಗಡಿಗೆಂದು ಕೂಡಿಸಿದ ಮೋಡ್ ಅದನ್ನು ಬಹಳ ಮೇಲಕ್ಕೆ, ನೀಲಿಯ ಕಡೆಗೆ ಎಳೆಯುತ್ತದೆ. ಬಿಳಿ ಪಂಚೆಗೆ ನೀಲಿ ಹಾಕಿ ಒಗೆದಂತೆ: ಇನ್ನೊಂದರ ಪಕ್ಕದಲ್ಲಿಟ್ಟಾಗ ಹೆಚ್ಚು ಬೆಳ್ಳಗೆ ಕಾಣುತ್ತದೆ. ಮೆನುವಿನಲ್ಲಿ ಕಲರ್ ಟೆಂಪರೇಚರನ್ನು 'ವಾರ್ಮ್'ಗೆ ತಂದರೆ ಬೂದುಬಣ್ಣ ಮತ್ತೆ ಬೂದುಬಣ್ಣವಾಗುತ್ತದೆ. ಮೊದಲ ಸಂಜೆ ಮನೆಯವರೆಲ್ಲ "ಯಾಕ್ರೀ ಎಲ್ಲಾ ಹಳದಿ ಆಗಿದೆ?" ಎಂದು ಗೊಣಗುತ್ತಾರೆ. ಎರಡು ಮೂರು ದಿನ ಹಾಗೇ ಬಿಟ್ಟು ಆಮೇಲೆ ಹಳೆಯ ಮೋಡ್‌ಗೆ ತಿರುಗಿಸಿದರೆ ಅದೇ ಜನಕ್ಕೆ ಮುಖಗಳು ಚಳಿಯಲ್ಲಿ ಹೆಪ್ಪುಗಟ್ಟಿದಂತೆ ಕಾಣುತ್ತವೆ. ಕಣ್ಣು ಅಷ್ಟು ಬೇಗ ಒಗ್ಗಿಕೊಳ್ಳುತ್ತದೆ. ಅಂಗಡಿಯವರು ನಂಬಿಕೊಂಡಿರುವುದೂ ಇದನ್ನೇ ಎನ್ನಿ.

ಶಾರ್ಪ್‌ನೆಸ್ ಇನ್ನೊಂದು ವಂಚಕ. ಅದನ್ನು ಏರಿಸಿದರೆ ಚಿತ್ರದಲ್ಲಿ ಇಲ್ಲದ ವಿವರ ಹುಟ್ಟಿಬರುವುದಿಲ್ಲ. ಅಂಚುಗಳ ಸುತ್ತ ಒಂದು ಬೆಳ್ಳನೆಯ ಗೆರೆ ಮೂಡುತ್ತದೆ, ಅಷ್ಟೇ. ಕನ್ನಡ ನ್ಯೂಸ್ ಚಾನೆಲ್‌ನ ಕೆಳಗಡೆ ಓಡುವ ಅಕ್ಷರಗಳನ್ನು ಗಮನಿಸಿ. ಒತ್ತಕ್ಷರಗಳ ಸುತ್ತ ಪ್ರಭಾವಳಿ ಕಂಡರೆ ಶಾರ್ಪ್‌ನೆಸ್ ಹೆಚ್ಚಾಗಿದೆ ಎಂದೇ ಲೆಕ್ಕ. ಬಹಳಷ್ಟು ಟಿವಿಗಳಲ್ಲಿ ಸೊನ್ನೆಯ ಹತ್ತಿರವೇ ಅದರ ಸರಿಯಾದ ಜಾಗ. ಡೈನಮಿಕ್ ಕಾಂಟ್ರಾಸ್ಟ್‌ನದೂ ಇದೇ ಜಾತಿ. 2018ರ 'ಕೆಜಿಎಫ್'ನಲ್ಲಿ ಭುವನ್ ಗೌಡರು ಗಣಿಯ ಧೂಳು, ಮಸಿ, ಕತ್ತಲೆಗಳನ್ನು ಹತ್ತಾರು ಕಪ್ಪುಗಳಲ್ಲಿ ಬೇರೆಬೇರೆ ಮಾಡಿ ತೋರಿಸಿದ್ದಾರೆ. ಈ ಸೌಲಭ್ಯ ಅವೆಲ್ಲವನ್ನೂ ಒಂದೇ ಡಾಂಬರಿಗೆ ಅದ್ದಿಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ಜಗಳ ಚಲನೆಯದು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ನಡೆಯುತ್ತದೆ. ನಮ್ಮ ಟಿವಿ ಧಾರಾವಾಹಿ, ಕ್ರಿಕೆಟ್ಟು ಸೆಕೆಂಡಿಗೆ 50ರ ಲೆಕ್ಕದಲ್ಲಿ ಬಂದವು. ಈ ವ್ಯತ್ಯಾಸವನ್ನು ನಾವು ಯಾರೂ ಎಣಿಸಿ ನೋಡಿದವರಲ್ಲ, ಆದರೆ ಇದು ಸಿನಿಮಾ, ಇದು ಸೀರಿಯಲ್ಲು ಎಂದು ಕಣ್ಣಿಗೆ ಗೊತ್ತು. ಮೋಷನ್ ಸ್ಮೂದಿಂಗ್ ಮಾಡುವುದೇನೆಂದರೆ, ಎರಡು ಚಿತ್ರಗಳ ನಡುವೆ ತಾನೇ ಊಹಿಸಿದ ಹೊಸ ಚಿತ್ರಗಳನ್ನು ತುರುಕುತ್ತದೆ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಎಂದು ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ. ಪರಿಣಾಮ ಒಂದೇ: ಕೋಟಿಗಟ್ಟಲೆ ಸುರಿದು ತೆಗೆದ ಚಿತ್ರ ಮಧ್ಯಾಹ್ನದ ಧಾರಾವಾಹಿಯ ಕಳೆ ಪಡೆಯುತ್ತದೆ, ಅರಮನೆ ಸೆಟ್ಟಾಗುತ್ತದೆ, ಗಡ್ಡ ಅಂಟಿಸಿದ ಗಡ್ಡವಾಗುತ್ತದೆ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೊಫರ್ ಮೆಕ್ವಾರಿ ವಿಡಿಯೊ ಮಾಡಿ, ದಯವಿಟ್ಟು ಇದನ್ನು ಆಫ್ ಮಾಡಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡರು. ಮರುವರ್ಷ ಟಿವಿ ಕಂಪನಿಗಳು, ಸಿನಿಮಾ ಸ್ಟುಡಿಯೊಗಳು ಸೇರಿದ ಒಕ್ಕೂಟವಾದ ಯುಎಚ್‌ಡಿ ಅಲಯನ್ಸ್ 'ಫಿಲ್ಮ್‌ಮೇಕರ್ ಮೋಡ್' ಪ್ರಕಟಿಸಿತು. ಸ್ಕಾರ್ಸೆಸಿ, ನೋಲನ್‌ರಂಥವರು ಬೆನ್ನಿಗೆ ನಿಂತರು. ಒಂದೇ ಆಯ್ಕೆಯಲ್ಲಿ ಸ್ಮೂದಿಂಗ್, ಶಾರ್ಪ್‌ನೆಸ್, ನಾಯ್ಸ್ ರಿಡಕ್ಷನ್ ಎಲ್ಲ ಹಿಂದೆ ಸರಿಯುತ್ತವೆ, ಬಿಳಿ ತನ್ನ ಜಾಗಕ್ಕೆ ಬರುತ್ತದೆ.

ನನ್ನ ಮತ ಈ ಮೋಡ್‌ಗೇ. ಹಾಗೆಂದು ಅದರ ಭಕ್ತರ ಪೂರ್ತಿ ವಾದವನ್ನು ಒಪ್ಪಲಾರೆ. ಥಿಯೇಟರಿನ ಪರದೆಗೆ ಹೋಲಿಸಿದರೆ ಮನೆಯ ಟಿವಿ ಎಷ್ಟೋ ಪ್ರಖರ, ಹಾಗಾಗಿ ಚಲನೆಯ ತಡವರಿಕೆ ಇಲ್ಲಿ ಹೆಚ್ಚು ಎದ್ದು ಕಾಣುತ್ತದೆ. ಜೊತೆಗೆ 60 ಹರ್ಟ್ಸ್ ಪರದೆಯಲ್ಲಿ 24 ಸಮನಾಗಿ ಕೂರುವುದಿಲ್ಲ. ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ಬರಬೇಕಾಗುತ್ತದೆ. ಕ್ಯಾಮೆರಾ ಬೆಟ್ಟದ ಸಾಲಿನುದ್ದಕ್ಕೂ ನಿಧಾನವಾಗಿ ಸರಿಯುವಾಗ ಚಿತ್ರ ತಡವರಿಸುವುದು ಇದರಿಂದ. 120 ಹರ್ಟ್ಸ್ ಪ್ಯಾನೆಲ್ಲಿನಲ್ಲಿ ಪ್ರತಿ ಚಿತ್ರವೂ ಸರಿಯಾಗಿ ಐದು ಸಲ ಬರಬಹುದು, ತೊಂದರೆ ಕಡಿಮೆ. 60ರ ಟಿವಿ ಇದ್ದವರು ಸ್ಮೂದಿಂಗನ್ನು ಒಂದೋ ಎರಡೋ ಅಂಕದಲ್ಲಿಟ್ಟುಕೊಂಡರೆ ಪಾಪವೇನಿಲ್ಲ. ಇನ್ನು ಈ ಮೋಡ್ ರೂಪುಗೊಂಡಿರುವುದು ಕತ್ತಲ ಕೋಣೆಗೆ. ನಮ್ಮ ಹಾಲುಗಳಲ್ಲಿ ಹಗಲು ಕಿಟಕಿ ತೆರೆದಿರುತ್ತದೆ, ರಾತ್ರಿ ದೀಪ ಆರಿಸಲು ಯಾರೂ ಒಪ್ಪುವುದಿಲ್ಲ, ಮಕ್ಕಳು ಅಲ್ಲೇ ಹೋಮ್‌ವರ್ಕ್ ಮಾಡುತ್ತಿರುತ್ತಾರೆ. ಆಗ ಬ್ಯಾಕ್‌ಲೈಟನ್ನು ಧಾರಾಳವಾಗಿ ಏರಿಸಿ, ಬಣ್ಣವನ್ನು ಮುಟ್ಟಬೇಡಿ. ಕ್ರಿಕೆಟ್ಟಿಗೆ ಬೇಕಾದರೆ ಸ್ಪೋರ್ಟ್ಸ್ ಮೋಡ್ ಹಾಕಿಕೊಳ್ಳಿ. ಹುಲ್ಲು ವಿಪರೀತ ಹಸಿರಾದರೆ ಯಾರ ಕಲೆಗೂ ಅನ್ಯಾಯವಾಗುವುದಿಲ್ಲ.

ಪರದೆ ತುಂಬಿಸುವ ಚಟದ ಬಗ್ಗೆ ಇಷ್ಟು ಸಡಿಲವಾಗಿರಲಾರೆ. ಮೈಸೂರಿನ ವಿ.ಕೆ. ಮೂರ್ತಿ 1959ರಲ್ಲಿ 'ಕಾಗಜ್ ಕೆ ಫೂಲ್' ಅನ್ನು ಸಿನಿಮಾಸ್ಕೋಪಿನಲ್ಲಿ ಚಿತ್ರಿಸಿದರು. ಭಾರತದ ಮೊದಲ ಸ್ಕೋಪ್ ಚಿತ್ರ ಅದು. ಸ್ಟುಡಿಯೊ ಕತ್ತಲಲ್ಲಿ ಇಳಿದುಬರುವ ಆ ಬೆಳಕಿನ ಕೋಲು, ಅದರ ಆಚೆ ಈಚೆ ದೂರದೂರ ನಿಂತ ಇಬ್ಬರು. ಐವತ್ತೈದು ಇಂಚಿನಲ್ಲಿ ಸ್ಕೋಪ್ ಚಿತ್ರದ ಮೇಲೆ ಕೆಳಗೆ ಮೂರು ಮೂರು ಇಂಚು ಕಪ್ಪುಪಟ್ಟಿ ಉಳಿಯುತ್ತದೆ. 'ದುಡ್ಡು ಕೊಟ್ಟ ಜಾಗ ಖಾಲಿ ಬಿಡುವುದೇ' ಎಂದು ಜೂಮ್ ಒತ್ತಿದರೆ ಅಗಲದಲ್ಲಿ ಹತ್ತಿರಹತ್ತಿರ ಕಾಲುಭಾಗ ಗೋಡೆಯಾಚೆ ಹೋಗುತ್ತದೆ, ದೂರ ನಿಂತ ಇಬ್ಬರೂ ಅದರ ಜೊತೆಗೆ. ತದ್ವಿರುದ್ಧ ಅಪರಾಧ ಹಳೆಯ ದೂರದರ್ಶನದ ಕಾಲದ, ಅಗಲ ಕಡಿಮೆಯ ಚಿತ್ರಗಳ ಮೇಲೆ ನಡೆಯುತ್ತದೆ. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಅನ್ನು ಎಳೆದು ಅಗಲಿಸಿದರೆ ಅದರ ಕಡ್ಡಿಯಂಥ ಹುಡುಗ ಸ್ವಾಮಿ ಮೂರನೇ ಒಂದು ಭಾಗ ದಪ್ಪಗಾಗುತ್ತಾನೆ.

4ಕೆ ಬಗ್ಗೆ ಎರಡೇ ಮಾತು. ಸಾಧಾರಣ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದವರೆಗೆ ಬಿಡಿಸಿ ನೋಡಬಲ್ಲದು. ಆ ಲೆಕ್ಕ ಹಿಡಿದರೆ ಐವತ್ತೈದು ಇಂಚಿನ ಪರದೆಯಿಂದ ಏಳಡಿ ಆಚೆ ಕೂತವರಿಗೆ ಫುಲ್ ಎಚ್‌ಡಿಗೂ 4ಕೆಗೂ ವಿವರದಲ್ಲಿ ವ್ಯತ್ಯಾಸ ಸಿಗುವುದು ಕಷ್ಟ. ನಮ್ಮ ಸೋಫಾ ಇರುವುದು ಒಂಬತ್ತು ಹತ್ತಡಿ ದೂರದಲ್ಲಿ, ಎದುರು ಗೋಡೆಗೆ ಬೆನ್ನು ಕೊಟ್ಟುಕೊಂಡು. ಇದರ ಮೇಲೆ ಎಷ್ಟೋ ಮನೆಗಳಲ್ಲಿ 4ಕೆ ಟಿವಿಗೆ ಹಳೆಯ ಎಸ್‌ಡಿ ಸೆಟ್‌ಟಾಪ್ ಬಾಕ್ಸಿನ ಕೆಂಪು-ಬಿಳಿ-ಹಳದಿ ವೈರು ಇನ್ನೂ ಚುಚ್ಚಿಕೊಂಡಿದೆ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ತಂದ ಪಿಕ್ಸೆಲ್‌ಗಳು ಮಸುಕನ್ನು ನಿಷ್ಠೆಯಿಂದ ದೊಡ್ಡದು ಮಾಡಿ ತೋರಿಸುತ್ತವೆ. ಅದೇ ದುಡ್ಡನ್ನು ಎಚ್‌ಡಿ ಬಾಕ್ಸಿಗೂ ಒಂದು ಸಾಧಾರಣ ಸೌಂಡ್‌ಬಾರಿಗೂ ಹಾಕಿದ್ದರೆ ಚೆನ್ನಿತ್ತು. ಪರದೆ ತೆಳ್ಳಗಾದಷ್ಟೂ ಒಳಗಿನ ಸ್ಪೀಕರಿಗೆ ಉಸಿರಾಡಲು ಜಾಗವಿಲ್ಲ.

ಇಷ್ಟೆಲ್ಲವನ್ನೂ ಗಿರಾಕಿಯ ತಲೆಗೇ ಕಟ್ಟುವುದು ಸರಿಯೆ? ಫಿಟ್ಟಿಂಗಿಗೆ ಬರುವ ಹುಡುಗ ಡ್ರಿಲ್ ತರುತ್ತಾನೆ, ಬ್ರಾಕೆಟ್ ಓರೆಯಾಗದಂತೆ ರಸಮಟ್ಟ ಇಟ್ಟು ನೋಡುತ್ತಾನೆ, ವೈಫೈ ಪಾಸ್‌ವರ್ಡ್ ಕೇಳುತ್ತಾನೆ, ರಿಮೋಟಿಗೆ ಮಾತಾಡಿ ತೋರಿಸುತ್ತಾನೆ. ಕೂತವರ ಕಣ್ಣಿನ ಮಟ್ಟ ನೆಲದಿಂದ ಮೂರೂವರೆ ಅಡಿ ಇದ್ದರೂ ಟಿವಿಯನ್ನು ದೇವರ ಪಟದ ಎತ್ತರಕ್ಕೆ ನೇತುಹಾಕಿ ಹೋಗುತ್ತಾನೆ. ಪಿಕ್ಚರ್ ಮೆನು ತೆರೆಯುವುದು ಅವನ ಕೆಲಸದ ಪಟ್ಟಿಯಲ್ಲಿಲ್ಲ, ಏಕೆಂದರೆ ಕಂಪನಿ ಬರೆದಿಲ್ಲ. ಮೊದಲ ಸಲ ಸ್ವಿಚ್ ಹಾಕಿದಾಗ ಟಿವಿ ಭಾಷೆ ಕೇಳುತ್ತದೆ, ಊರು ಕೇಳುತ್ತದೆ, ಹತ್ತು ಷರತ್ತುಗಳಿಗೆ ಒಪ್ಪಿಗೆ ಕೇಳುತ್ತದೆ. ನೀವು ಕೂರುವ ಕೋಣೆಯಲ್ಲಿ ಬೆಳಕೆಷ್ಟು, ಹೆಚ್ಚು ನೋಡುವುದು ಸಿನಿಮಾವೋ ಕ್ರಿಕೆಟ್ಟೋ ಎಂದು ಇನ್ನೆರಡು ಪ್ರಶ್ನೆ ಸೇರಿಸಿ ಆ ಉತ್ತರದಂತೆ ಮೋಡ್ ಹಾಕಿಕೊಳ್ಳುವುದಕ್ಕೆ ಹೊಸ ಚಿಪ್ಪೇನೂ ಬೇಡ.