ಮಾಲೂರಿನ ಮಣ್ಣು, ಶ್ವೇತಕೇತುವಿನ ಉಪ್ಪು

‘ವೇದಾಂತ ಓದಬೇಕು, ಎಲ್ಲಿಂದ ಶುರು ಮಾಡಲಿ?’ ಎಂದು ಕೇಳಿದವರಿಗೆ ಸಾಮಾನ್ಯವಾಗಿ ಸಿಗುವುದು ಪದಗಳ ಪಟ್ಟಿ: ಸಾಧನಚತುಷ್ಟಯ, ಪಂಚಕೋಶ, ಅವಸ್ಥಾತ್ರಯ. ಹಸಿದು ಬಂದವನ ಕೈಗೆ ಪಾತ್ರೆಗಳ ಲೆಕ್ಕ ಕೊಟ್ಟ ಹಾಗೆ. ನಾನಾದರೆ ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯ ಎನ್ನುತ್ತೇನೆ. ಅದನ್ನು ಕೋಲಾರದ ಸೀಮೆಯಲ್ಲಿ ಓಡಾಡುತ್ತ ಓದಿದರೆ ರುಚಿ ಇನ್ನೂ ಹೆಚ್ಚು.

ಅದರಲ್ಲಿರುವುದು ಅಪ್ಪ ಮಗನ ಮಾತುಕತೆ. ಶ್ವೇತಕೇತು 12ನೇ ವಯಸ್ಸಿಗೆ ಗುರುಕುಲಕ್ಕೆ ಹೋದ. 24ಕ್ಕೆ ವೇದವೆಲ್ಲ ಕಲಿತು, ಕಲಿತ ಗರ್ವವನ್ನೂ ಹೊತ್ತು ಮನೆಗೆ ಬಂದ. ಅಪ್ಪ ಉದ್ದಾಲಕ ಗದರಲಿಲ್ಲ. ಯಾವ ಒಂದನ್ನು ತಿಳಿದರೆ ಕೇಳದ್ದೂ ಕೇಳಿದಂತಾಗುತ್ತದೋ ಅದನ್ನು ನಿನ್ನ ಗುರುಗಳು ಹೇಳಿಕೊಟ್ಟರೇ ಎಂದು ವಿಚಾರಿಸಿದ, ಅಷ್ಟೆ. ಅಲ್ಲಿಂದ ಮುಂದೆ ‘ಸೋಮ್ಯ’ ಎಂದು ಕರೆದು ಕರೆದು ಹೇಳುತ್ತಾನೆ. ನಮ್ಮ ಕಡೆಯ ಹಿರಿಯರು ಮಾತಿನ ನಡುನಡುವೆ ‘ನೋಡಪ್ಪಾ’, ‘ಕೇಳು ಮಗಾ’ ಎನ್ನುವುದಿಲ್ಲವೆ, ಅದೇ ದನಿ.

ಅಪ್ಪ ಮೊದಲು ಎತ್ತಿಕೊಂಡದ್ದು ಮಣ್ಣು. ಮಾಲೂರಿನವರಿಗೆ ಈ ಪಾಠ ಹೇಳಬೇಕಾಗಿಯೇ ಇಲ್ಲ. ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಊರು ಅದು. ಕಲಸಿದ ಜೇಡಿಮಣ್ಣು ಅಚ್ಚಿಗೆ ಬಿದ್ದು ಹೆಂಚಾಗುತ್ತದೆ, ಇನ್ನೊಂದು ಅಚ್ಚಿನಲ್ಲಿ ಇಟ್ಟಿಗೆಯಾಗುತ್ತದೆ, ತಿಗರಿಯ ಮೇಲೆ ಕುಂಬಾರನ ಹೆಬ್ಬೆರಳು ಒತ್ತಿದರೆ ಹಣತೆಯಾಗುತ್ತದೆ. ಒಣಗುವಾಗ ಒಡೆದರೆ ತಿರುಗಿ ರಾಶಿಗೆ. ಮತ್ತೆ ಕಲಸಿದ ಮೇಲೆ ಇದು ಯಾವ ಹೆಂಚಿನದು ಎಂದು ಕೇಳುವವರಿಲ್ಲ. ಹೆಸರು ಹೋಯಿತು, ಮಣ್ಣು ಉಳಿಯಿತು. ಉದ್ದಾಲಕ ತೋರಿಸುವುದೂ ಇಷ್ಟನ್ನೇ. ಆಮೇಲೆ ಚಿನ್ನದ ಮಾತು ತೆಗೆಯುತ್ತಾನೆ. ಅದಕ್ಕಂತೂ ನಮ್ಮ ಜಿಲ್ಲೆ ಮೂರು ಕಿಲೋಮೀಟರಿಗೂ ಆಳಕ್ಕೆ ಭೂಮಿ ಕೊರೆದಿದೆ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿತು. ಉಪಮೆಯ ಚಿನ್ನ ಮಾತ್ರ ಇನ್ನೂ ಮುಗಿದಿಲ್ಲ.

ನನಗೆ ಹೆಚ್ಚು ಇಷ್ಟ ಜೇನಿನದು. ಜೇನುಹುಳು ಹತ್ತು ಮರಗಳ ರಸ ತಂದು ಒಂದು ಮಾಡುತ್ತದೆ. ಆಮೇಲೆ ಯಾವ ರಸಕ್ಕೂ ತಾನು ಇಂಥ ಮರದ್ದೆಂಬ ನೆನಪಿರುವುದಿಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಹೂ ಕಚ್ಚಿದ ದಿನಗಳಲ್ಲಿ, ಬದುವಿನ ಹೊಂಗೆಯೂ ಅರಳತೊಡಗಿದಾಗ, ಒಂದು ಬೆಳಗ್ಗೆ ಸುಮ್ಮನೆ ನಿಂತು ಆ ಗುಂಯ್ ಸದ್ದು ಕೇಳಬೇಕು. ಅದಾದ ಮೇಲೆ ಭಾಷ್ಯ ತೆರೆದರೆ ಅಕ್ಷರಗಳು ಬೇರೆ ಥರ ಕಾಣುತ್ತವೆ.

ಇಷ್ಟು ಓದಿದವರಿಗೆ ಎಲ್ಲ ಒಂದೇ ಎಂಬ ತೀರ್ಮಾನ ಸುಲಭವಾಗಿ ಬಂದುಬಿಡುತ್ತದೆ. ಹಾಗಾದವರು ತಕ್ಷಣ ಮುಳಬಾಗಿಲಿನ ಬಸ್ಸು ಹತ್ತಬೇಕು. ಈ ಅಧ್ಯಾಯದಲ್ಲಿ ಒಂಬತ್ತು ಸಲ ಬರುವ ‘ತತ್ತ್ವಮಸಿ’ಯನ್ನು, ಎಂದರೆ ‘ಅದೇ ನೀನು’ ಎಂಬ ಮಾತನ್ನು, ಹಿಡಿದು 14ನೇ ಶತಮಾನದಲ್ಲಿ ಅದ್ವೈತಿ ವಿದ್ಯಾರಣ್ಯರಿಗೂ ದ್ವೈತಿ ಅಕ್ಷೋಭ್ಯತೀರ್ಥರಿಗೂ ಇಲ್ಲಿ ವಾದ ನಡೆಯಿತು, ಅಕ್ಷೋಭ್ಯರು ಗೆದ್ದರು ಎಂಬುದು ಮಾಧ್ವರ ಪರಂಪರೆಯ ಮಾತು, ವಿಜಯಸ್ತಂಭವನ್ನೂ ತೋರಿಸುತ್ತಾರೆ. ಅದ್ವೈತಿಗಳು ಒಪ್ಪುವುದಿಲ್ಲ. ಗೆದ್ದವರಾರು ಎಂಬುದಕ್ಕಿಂತ ಜಗಳದ ನಾಜೂಕು ನೋಡಿ. ಆ ಮಾತಿನ ಹಿಂದಿನ ಪದ ‘ಆತ್ಮಾ’. ಅದರ ಕೊನೆಯ ದೀರ್ಘದಲ್ಲಿ ಒಂದು ‘ಅ’ ಅಡಗಿದೆ ಎಂದು ಮಧ್ವಮತ ಬಿಡಿಸುತ್ತದೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸವರ್ಣದೀರ್ಘ ಸಂಧಿಯೇ! ಆಗ ಅದು ‘ಅತತ್ ತ್ವಮಸಿ’, ನೀನು ಅದಲ್ಲ. ಸಂಧಿ ಬಿಡಿಸಿದರೆ ಭೇದ, ಬಿಡದಿದ್ದರೆ ಅಭೇದ. ವ್ಯಾಕರಣಕ್ಕೆ ಇಷ್ಟು ದೊಡ್ಡ ಪಂದ್ಯ ಬೇರೆಲ್ಲಿ ಸಿಕ್ಕೀತು?

ಮಣ್ಣನ್ನೂ ಮಧ್ವರು ಬಿಡಲಿಲ್ಲ. ಮಣ್ಣಿನ ‘ಒಂದು ಮುದ್ದೆ’ ಎಂದು ಉದ್ದಾಲಕ ಏಕೆ ಹೇಳಿದ್ದಾನೆ? ಒಂದೇ ಮುದ್ದೆಯಿಂದ ಲೋಕದ ಮಡಕೆಯೆಲ್ಲ ಆದದ್ದುಂಟೆ? ಒಂದನ್ನು ಕಂಡರೆ ಅದರ ಹೋಲಿಕೆಯ ಉಳಿದವು ತಿಳಿಯುತ್ತವೆ ಎಂಬುದೇ ಅಭಿಪ್ರಾಯ ಎನ್ನುತ್ತಾರೆ. ಈ ಆಕ್ಷೇಪ ಮೊದಲ ಸಲ ಓದಿದ ದಿನ, ಶಂಕರರ ಅರ್ಥದಲ್ಲಿ ಹಾಯಾಗಿದ್ದ ನಾನು ಎದ್ದು ಕೂತೆ. ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಓದುವುದೆಂದರೆ ಹೀಗೆ, ‘ಒಂದು’ ಎಂಬ ಪುಟ್ಟ ಪದದ ಮುಂದೂ ನಿಂತು ಹೋಗಬೇಕು. ಮುಳಬಾಗಿಲಿಗೆ ಹತ್ತಿರದ ಆವನಿಯಲ್ಲಿ ಅದ್ವೈತಿಗಳ ಶೃಂಗೇರಿ ಪರಂಪರೆಯ ಮಠ, ಊರಾಚೆ ನರಸಿಂಹತೀರ್ಥದಲ್ಲಿ ಮಾಧ್ವರ ಶ್ರೀಪಾದರಾಜರ ಬೃಂದಾವನ. ಎರಡೂ ಕಡೆ ಒಂದೇ ದಿನದಲ್ಲಿ ಹೋಗಿಬರಬಹುದು. ನಡುವೆ ಮುಳಬಾಗಿಲು ದೋಸೆಗೂ ಬಿಡುವು ಸಿಗುತ್ತದೆ.

15ನೇ ಶತಮಾನದ ಆ ಶ್ರೀಪಾದರಾಜರು ಜಯತೀರ್ಥರ ನ್ಯಾಯಸುಧೆಗೆ ‘ವಾಗ್ವಜ್ರ’ವೆಂಬ ಟೀಕೆ ಬರೆದರು, ವ್ಯಾಸತೀರ್ಥರಂಥವರಿಗೆ ಶಾಸ್ತ್ರ ಹೇಳಿದರು. ಅದೇ ಕೈ ‘ರಂಗವಿಠಲ’ ಅಂಕಿತದಲ್ಲಿ ಕನ್ನಡ ಪದಗಳನ್ನೂ ಕಟ್ಟಿತು. ವಜ್ರ ಪಂಡಿತರಿಗೆ, ಪದ ನನ್ನಂಥವರಿಗೆ. ಇದೇ ಊರಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. 1943ರಲ್ಲಿ ಕಗ್ಗವನ್ನು ಹೊರತಂದಾಗ ಅದರ ಯಜಮಾನಿಕೆಯನ್ನು ಪಂಡಿತನಿಗೆ ಕೊಡದೆ ‘ಮಂಕುತಿಮ್ಮ’ನಿಗೆ ಕೊಟ್ಟರು. 945 ಪದ್ಯಗಳಲ್ಲಿ ಮಂಕನೊಬ್ಬ ತನಗೆ ತಾನೇ ಹೇಳಿಕೊಳ್ಳುವುದಾದರೆ, ಹೊಸಬರು ನಾಚಿಕೊಳ್ಳಬೇಕಾದದ್ದೇನು?

ಇನ್ನು ಉಪ್ಪು. ರಾತ್ರಿ ನೀರಿಗೆ ಉಪ್ಪಿನ ಹರಳು ಹಾಕಿ ಬೆಳಗ್ಗೆ ಬಾ ಎನ್ನುತ್ತಾನೆ ಅಪ್ಪ. ಮಗ ಬರುತ್ತಾನೆ. ಹಾಕಿದ ಉಪ್ಪು ತೆಗೆದುಕೊಡು ಎಂದರೆ ಕೈಗೆ ಸಿಗುವುದಿಲ್ಲ. ಮೇಲಿಂದ, ನಡುವಿನಿಂದ, ತಳದಿಂದ ಒಂದೊಂದು ಗುಟುಕು ಕುಡಿಸಿ ‘ಹೇಗಿದೆ?’ ಎಂದು ಮೂರು ಸಲವೂ ಕೇಳುತ್ತಾನೆ. ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ: ನಮ್ಮ ಬೋರ್‌ವೆಲ್ ನೀರಿಗೆ ಮೊದಲೇ ತನ್ನದೊಂದು ರುಚಿಯಿದೆ. ನಾನು ಎರಡನೆಯ ರಾತ್ರಿ ಫಿಲ್ಟರ್ ನೀರು ತಂದಿಟ್ಟೆ. ಬೆಳಗ್ಗೆ ತಳದ ಗುಟುಕಿಗೆ ಬರುವ ಹೊತ್ತಿಗೆ ಒಲೆಯ ಮುಂದಿದ್ದ ಅಮ್ಮ ಕೇಳಿದರು: ‘ಬರೀ ಉಪ್ಪುನೀರು ಯಾಕೋ ಕುಡೀತಿದ್ದೀಯ?’